ಹಿರೇ ಅಳಿಯನ ದೊಡ್ಡಕ್ಷರ

ಹಿರೇ ಅಳಿಯನಿಗೆ ಮೊದಲ ಶಾಲು ಎನ್ನುವುದು ಯಾವ ಕಾನೂನಿನಲ್ಲೂ ಬರೆದಿಲ್ಲ. ಬರೆದಿಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಹೊಸಪೇಟೆಯ ಕೊಟ್ರಯ್ಯನವರಿಗೆ ಬಿದ್ದದ್ದು ಹೋದ ವರ್ಷ, ಕಂಪ್ಲಿಯ ಮಾವನ ಮನೆಯ ಹೊಸ ಮೇಲಂತಸ್ತಿನ ಪೂಜೆಯ ದಿನ. ಕಿರಿಯ ಅಳಿಯ ತಿಪ್ಪೇಶ್ ಸಂಡೂರಿನಿಂದ ಗಣಿ ಕಂಪನಿಯ ಜೀಪಿನಲ್ಲಿ ಕೆಂಧೂಳು ಎಬ್ಬಿಸುತ್ತ ಬಂದಿಳಿದ. ಕೊಟ್ರಯ್ಯನವರು ಬಸ್ಸಿಳಿದು, ಹಣ್ಣಿನ ಚೀಲ ಹೊತ್ತ ಹೆಂಡತಿಯ ಹಿಂದೆ ನಡೆದು ಬರುವಷ್ಟರಲ್ಲಿ ಶಾಲು ತಿಪ್ಪೇಶನ ಹೆಗಲ ಮೇಲಿತ್ತು. ಎರಡನೆಯ ಶಾಲೂ ಇತ್ತು, ನಿಜ. ಬಣ್ಣವೂ ಅದೇ, ಕೊಂಡ ಅಂಗಡಿಯೂ ಅದೇ. ಆದರೆ ಎರಡನೆಯದು ಎರಡನೆಯದೇ. ಕೊಟ್ರಯ್ಯನವರು ಅದನ್ನು ಇವತ್ತಿನವರೆಗೆ ಹೊದ್ದಿಲ್ಲ. ಇಸ್ತ್ರಿ ಮಾಡುವಾಗ ಕೆಳಗೆ ಹಾಸಲು ತ್ರಿವೇಣಿಗೆ ಅನುಕೂಲವಾಗಿದೆ.

ಆದ್ದರಿಂದ ಮಾವ ಪಂಪಯ್ಯನವರ ರೈಸ್ ಮಿಲ್ಲಿಗೆ ಐವತ್ತು ವರ್ಷ ತುಂಬುವ ಸಮಾರಂಭ ಗೊತ್ತಾದಾಗ ಕೊಟ್ರಯ್ಯನವರಿಗೆ ಅದು ಸಮಾರಂಭವಾಗಿ ಕಾಣಲಿಲ್ಲ, ಕಳೆದುಕೊಂಡ ರಾಜ್ಯವನ್ನು ಗೆದ್ದುಕೊಳ್ಳುವ ರಣರಂಗವಾಗಿ ಕಂಡಿತು. ಅದಕ್ಕೆ ಸರಿಯಾಗಿ ಮಾವನ ಫೋನೂ ಬಂತು.

“ಅಳಿಯಂದ್ರ, ಮನಿ ಮಂದಿ ಫೋಟೊ ಎಲ್ಲಾ ಪರದಿ ಮ್ಯಾಲೆ ಬರ್ಬೇಕು ನೋಡ್ರಿ. ಅದು ನಿಮ್ಮ ಕೆಲ್ಸ. ನಿಮ್ದು ಹಾರ್ಡ್‌ವೇರ್ ಅಂಗಡಿ ಐತಲ್ಲ.”

ಕೊಟ್ರಯ್ಯನವರ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಮೊಳೆ, ಚಿಲಕ, ನಲ್ಲಿ ಮತ್ತು ಪೈಪು. (ಕಂಪ್ಯೂಟರ್ ಒಂದಿದೆ. ಬಿಲ್ ಹಾಕಲು ತಂದದ್ದು, ಅಂಗಡಿಯಲ್ಲಿ ಧೂಳು ಹೆಚ್ಚೆಂದು ಮನೆಯಲ್ಲಿಟ್ಟದ್ದು.) ಆದರೆ ತಪ್ಪು ತಿಳಿವಳಿಕೆಯಿಂದ ಬಂದ ಗೌರವವೂ ಗೌರವವೇ. ಅವರು ಮಾವನನ್ನು ತಿದ್ದಲಿಲ್ಲ.

ಯೂಟ್ಯೂಬೆಂಬ ಗುರುಕುಲದಲ್ಲಿ ಕೆಲವು ಸಂಜೆ ಶುಶ್ರೂಷೆ ಮಾಡಿ ಅವರು ಒಂದು ವಿದ್ಯೆ ಸಂಪಾದಿಸಿದರು. ಒಂದು ಪುಟ. ಪುಟದ ಮೇಲೆ ಮನೆಯವರ ಹೆಸರು. ಹೆಸರನ್ನು ಒತ್ತಿದರೆ ಆಯಾ ಮನುಷ್ಯನ ಫೋಟೊ ಪರದೆಯ ತುಂಬ ಬರುತ್ತದೆ. ಇದಕ್ಕೆ ಪ್ರತಿಯೊಬ್ಬರ ಹೆಸರಿನಲ್ಲೂ ಒಂದೊಂದು ಫೋಲ್ಡರ್ ಮಾಡಿ ಫೋಟೊ ತುಂಬಬೇಕು. ಪುಟದಲ್ಲಿ ಬರೆದ ಹೆಸರೂ ಫೋಲ್ಡರಿನ ಹೆಸರೂ ಒಂದೇ ಆಗಿರಬೇಕು. ಇಷ್ಟೇ ಶಾಸ್ತ್ರ.

ಫೋಲ್ಡರಿಗೆ ಇಂಗ್ಲಿಷಿನಲ್ಲಿ ಹೆಸರಿಡಲು ಕುಳಿತಾಗ ಕೊಟ್ರಯ್ಯನವರ ಮನಸ್ಸಿನಲ್ಲಿ ಹಳೆಯದೊಂದು ಕೊರಗು ಎದ್ದಿತು. ಇಂಗ್ಲಿಷಿನಲ್ಲಿ ‘ಬರ್ರಿ, ಕುಂದ್ರಿ’ ಇಲ್ಲ. ಕಲೆಕ್ಟರಿಗೂ ಕತ್ತೆಗೂ ಒಂದೇ ‘ಯೂ’. ಜಗತ್ತನ್ನೇ ಆಳಿದ ಭಾಷೆ ಮರ್ಯಾದೆಗೆ ಒಂದು ಜಾಗ ಇಡದೆ ಇದ್ದೀತೇ ಎಂದು ಬಹಳ ಹೊತ್ತು ಯೋಚಿಸಿದರು. ಯೋಚಿಸಿದಾಗ ಹೊಳೆಯಿತು. ಆ ಭಾಷೆಯಲ್ಲಿ ಪ್ರತಿ ಅಕ್ಷರವೂ ದೊಡ್ಡದೊಂದು, ಸಣ್ಣದೊಂದು ಎಂದು ಎರಡೆರಡು ಇರುವುದು ಮತ್ತೇತಕ್ಕೆ? ದೊಡ್ಡಕ್ಷರವೇ ಇಂಗ್ಲಿಷರ ‘ರೀ’.

ಮಾವನ ಫೋಲ್ಡರಿಗೆ, ಹೆಸರಿನ ಮೊದಲಿಗೆ, ದೊಡ್ಡಕ್ಷರ ಇಟ್ಟರು. ಅತ್ತೆ ಶಿವಗಂಗಮ್ಮನವರಿಗೆ ಇಟ್ಟರು. ಹೆಂಡತಿ ತ್ರಿವೇಣಿಗೂ ನಾದಿನಿ ಸ್ಫೂರ್ತಿಗೂ, ಹೆಣ್ಣುಮಕ್ಕಳ ಕಣ್ಣೀರಿಗೆ ಹೆದರಿ, ಇಟ್ಟರು. ತಮಗೆ ಇಟ್ಟುಕೊಂಡರು (ಬೇರೆ ಯಾರು ಇಡಬೇಕು?). ತಿಪ್ಪೇಶನ ಸರದಿ ಬಂದಾಗ ಕೊಂಚ ನಿಂತು, ಹೊರಗೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಸಣ್ಣಕ್ಷರ ಒತ್ತಿದರು. ಆಗ ಅವರ ತೋರುಬೆರಳಿಗೆ ಆದ ಸುಖ ಮೊದಲ ಶಾಲಿನ ಸುಖಕ್ಕೆ ಹೆಚ್ಚು ಕಡಿಮೆ ಸಮವಾಗಿತ್ತು.

ಪುಟ ಬರೆಯುವ ಕೆಲಸ ಹೆಂಡತಿಯ ಪಾಲಿಗೆ ಬಂತು. ಕೊಟ್ರಯ್ಯನವರದು ಒಂದೇ ಬೆರಳಿನ ವ್ಯವಹಾರ.

“ಲೇ, ನೀನು ಟೈಪಿಂಗ್ ಜೂನಿಯರ್ ಪಾಸಾಗೀದಿ. ಈ ಹೆಸರು ಒಂದಿಷ್ಟು ಹೊಡದು ಕೊಡು.”

“ಪಾಸಾಗಿದ್ದು ಮದಿವಿಗೆ ಮುಂಚೆ ರೀ. ಆಮ್ಯಾಲೆ ಈ ಬೆರಳಿಗೆ ರೊಟ್ಟಿ ಬಡಿಯೋ ಕೆಲ್ಸ ಒಂದ ಕೊಟ್ಟೀರಿ.”

“ಸಣ್ಣೋರಿಗೆ ಸಣ್ಣಕ್ಷರ, ದೊಡ್ಡೋರಿಗೆ ದೊಡ್ಡಕ್ಷರ. ಅದು ಮರ್ಯಾದಿ ಲೆಕ್ಕ. ತಿಳೀತಾ?”

“ಹೂಂ ರೀ,” ಎಂದು ತ್ರಿವೇಣಿ ಟೈಪಿಂಗ್ ಶಾಲೆಯಲ್ಲಿ ಕಲಿತಂತೆ ಎಲ್ಲರಿಗೂ ದೊಡ್ಡಕ್ಷರ ಹೊಡೆದಳು. ತಿಪ್ಪೇಶನಿಗೂ. ಕೊನೆಯದು ಗಂಡನ ಹೆಸರು. ಅಷ್ಟರಲ್ಲಿ ಕುಕ್ಕರ್ ಕೂಗಿತು. ಎದ್ದು ನಿಂತು ಒಂದೇ ಕೈಯಲ್ಲಿ ಹೊಡೆದು ಒಳಗೆ ಓಡಿದಳು. ದೊಡ್ಡಕ್ಷರಕ್ಕೆ ಎರಡು ಗುಂಡಿ ಒಟ್ಟಿಗೆ ಒತ್ತಬೇಕು. ಅಷ್ಟು ಪುರುಸೊತ್ತು ಬೇಳೆಗೆ ಇರಲಿಲ್ಲ. ಹೀಗೆ ಮನೆಯ ಯಜಮಾನರು ಸಣ್ಣಕ್ಷರದಲ್ಲಿ ಉಳಿದರು.

ಮನೆಯ ಕಂಪ್ಯೂಟರಿನಲ್ಲಿ ಒತ್ತಿ ನೋಡಿದರೆ ಎಲ್ಲರೂ ಸುಸೂತ್ರವಾಗಿ ಬಂದರು. ಆ ಕಂಪ್ಯೂಟರ್ ಸಂಸಾರಸ್ಥ. ದೊಡ್ಡಕ್ಷರ ಸಣ್ಣಕ್ಷರದ ಜಗಳ ಕಂಡರೂ ಕಾಣದ ಹಾಗಿರುತ್ತದೆ, ಅತ್ತೆ ಹೇಳಿದ್ದಕ್ಕೂ ಹೂಂ, ಸೊಸೆ ಹೇಳಿದ್ದಕ್ಕೂ ಹೂಂ ಎನ್ನುವ ಗಂಡಸಿನ ಹಾಗೆ. ಕೊಟ್ರಯ್ಯನವರು ಎಲ್ಲವನ್ನೂ ಪೆನ್‌ಡ್ರೈವಿಗೆ ತುಂಬಿಕೊಂಡು ಕಂಪ್ಲಿಗೆ ದಂಡೆತ್ತಿ ಹೋದರು. ಈ ಸಲ ಮೊದಲ ಬಸ್ಸಿಗೆ.

ಮಿಲ್ಲಿನ ಭತ್ತ ಒಣಹಾಕುವ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ಶಾಮಿಯಾನ, ಮೈಕು, ಪರದೆ ಎಲ್ಲವೂ ಕುರೆಕುಪ್ಪದ ಮೂಕಪ್ಪನದು. ಜಿಲ್ಲೆಯ ಮದುವೆಗಳಲ್ಲಿ ಮೈಕು ಹಾಕಿ ಹಾಕಿ ಕೂದಲು ಬೆಳ್ಳಗಾದ ಮನುಷ್ಯ. ಅವನು ಪೆನ್‌ಡ್ರೈವಿನಲ್ಲಿದ್ದುದನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡ.

“ಇದು ನಿಮ್ಮನ್ಯಾಗಿನ ಕಂಪ್ಯೂಟರ್ ನಮೂನಿದು ಅಲ್ರಿ ಸಾವ್ಕಾರ. ಇದರೊಳಗ ಇರೋದು ಲಿನಕ್ಸ್ ಅಂತ. ಕಂಡೋರ ಪೆನ್‌ಡ್ರೈವ್ ಚುಚ್ಚಿ ಚುಚ್ಚಿ ಹಳೇದು ವೈರಸ್ ಬಂದು ಸತ್ತೋತು. ಇದಕ್ಕ ಏನೂ ತಾಗಲ್ಲ.”

ಅತಿಥಿಗಳು ಬರುವ ಮೊದಲು ಒಮ್ಮೆ ನೋಡಿಬಿಡೋಣ ಎಂದು ಮನೆಯವರೆಲ್ಲ ಪರದೆಯ ಮುಂದೆ ಕುಳಿತರು. ಪಂಪಯ್ಯನವರ ಹೆಸರು ಒತ್ತಿದರೆ ಪಂಪಯ್ಯನವರು ಬಂದರು, ಅಕ್ಕಿ ಮೂಟೆಯ ಮೇಲೆ ಕೈಯಿಟ್ಟು. ಶಿವಗಂಗಮ್ಮನವರು ಬಂದರು. ತಿಪ್ಪೇಶನ ಹೆಸರು ಒತ್ತಿದರೆ ಬರಿದಾದ ಒಂದು ಚೌಕ ಬಂತು.

ಯಂತ್ರಕ್ಕೂ ವಿವೇಕವಿರುತ್ತದೆಂದು ಕೊಟ್ರಯ್ಯನವರು ಅದುವರೆಗೆ ತಿಳಿದಿರಲಿಲ್ಲ. “ಅಯ್ಯೋ ಪಾಪ,” ಎಂದು ಮೆಲ್ಲಗೆ ಹೇಳಿ, “ನಂದು ಒತ್ತಪ್ಪಾ” ಎಂದರು. ಮೂಕಪ್ಪ ಒತ್ತಿದ. ಅಂಥದೇ ಇನ್ನೊಂದು ಚೌಕ ಬಂತು.

“ಭಾವ, ನಮ್ಮನಿಯವ್ರು ಎಲ್ಲಿ?” ಎಂದಳು ಸ್ಫೂರ್ತಿ. ತಿಪ್ಪೇಶನ ಹೆಂಡತಿಯಾದ ಇವಳಿಗೆ ಗಂಡ ಸಂಡೂರಿನ ಗಣಿಯಲ್ಲಿ ಸೂಪರ್‌ವೈಸರ್ ಎಂಬುದು ಉಸಿರಾಟದಷ್ಟು ಮುಖ್ಯ. ಮೂಕಪ್ಪ ಫೋಲ್ಡರುಗಳನ್ನು ತೆರೆದು ತೋರಿಸಿದ. ಸ್ಫೂರ್ತಿಯ ಕಣ್ಣು ಮೇಲಿಂದ ಕೆಳಗೆ ಒಮ್ಮೆ ಹೋಗಿ ಒಂದು ಕಡೆ ನಿಂತಿತು.

“ಎಲ್ಲಾರ್ದೂ ದೊಡ್ಡಕ್ಷರ ಐತಿ. ನಮ್ಮನಿಯವ್ರದು ಒಂದ ಸಣ್ಣದು ಐತಿ.”

“ಅದ ನೋಡ್ರಿ ಅಕ್ಕಾರ,” ಎಂದ ಮೂಕಪ್ಪ. “ಪುಟದಾಗ ದೊಡ್ಡ ತಿಪ್ಪೇಶ್ ಅವ್ರನ್ನ ಕರ್ದಾರ. ಒಳಗ ಸಣ್ಣ ತಿಪ್ಪೇಶ್ ಕುಂತಾನ. ಈ ಮಿಷನ್ನಿಗೆ ಅವ್ರು ಬ್ಯಾರೆ, ಇವ್ನು ಬ್ಯಾರೆ. ಹಂಗಾಗಿ ಆ ಹೆಸರಿನೋರು ಇಲ್ಲ ಅಂತ ಸುಮ್ನ ಕುಂತೈತಿ.”

“ಕೈ ಜಾರಿರ್ಬೇಕವ್ವ,” ಎಂದರು ಕೊಟ್ರಯ್ಯನವರು.

“ಕೈ ಎಲ್ಲಿ ಜಾರ್ತು ರೀ?” ಎಂದಳು ತ್ರಿವೇಣಿ, ಗಂಡನ ಬುದ್ಧಿಶಕ್ತಿಯನ್ನು ಎತ್ತಿಹಿಡಿಯುವ ಪ್ರಾಮಾಣಿಕ ಉದ್ದೇಶದಿಂದ. “ಸಣ್ಣೋರಿಗೆ ಸಣ್ಣಕ್ಷರ, ಅದು ಮರ್ಯಾದಿ ಲೆಕ್ಕ ಅಂತ ನೀವ ಹೇಳಿದ್ರಲ್ಲ.”

ಅಂಗಳದಲ್ಲಿ ಮಿರ್ಚಿ ಕರಿಯುವ ಸದ್ದು ಸ್ಪಷ್ಟವಾಗಿ ಕೇಳಿಸತೊಡಗಿತು.

“ಹಂಗೇನು,” ಎಂದಳು ಸ್ಫೂರ್ತಿ. “ನಮ್ಮನಿಯವ್ರು ಕೈ ಎತ್ತಿದ್ರ ಗಣಿಯಾಗ ಲಾರಿ ನಿಲ್ತಾವ. ಅವ್ರಿಗೆ ಸಣ್ಣಕ್ಷರ. ಮೊಳಿ ತೂಗೋರಿಗೆ ದೊಡ್ಡಕ್ಷರ.”

“ಸಾವ್ಕಾರ್ರದೂ ಹಂಗ ಆಗೈತ್ರಿ,” ಎಂದು ಮೂಕಪ್ಪ ಸಮಾಧಾನದ ದನಿಯಲ್ಲಿ ಸೇರಿಸಿದ. “ಅವ್ರು ಒಳಗ ದೊಡ್ಡಕ್ಷರದಾಗ ಕುಂತಾರ. ಪುಟದಾಗ ಸಣ್ಣಕ್ಷರ ಹಾಕಿ ಕರ್ದಾರ. ಪುಟ ಯಾರು ಬರದ್ರು?”

ಎಲ್ಲರೂ ತ್ರಿವೇಣಿಯ ಕಡೆ ತಿರುಗಿದರು. ಸ್ಫೂರ್ತಿಯ ಮುಖ ಅರಳಿತು. “ನೋಡ್ರಿ ಭಾವ, ನಮ್ಮಕ್ಕ ನಿಮ್ಮನ್ನ ಎಲ್ಲಿ ಇಟ್ಟಾಳ.”

ಕೊಟ್ರಯ್ಯನವರು ಹೆಂಡತಿಯನ್ನು ನೋಡಿದರು. ತಮ್ಮ ಶಾಸ್ತ್ರದ ಪ್ರಕಾರ, ಇಷ್ಟು ವರ್ಷದ ದಾಂಪತ್ಯದ ನಂತರ, ಇವಳು ಮಾವನ ಮನೆಯ ಅಂಗಳದಲ್ಲಿ ತಮ್ಮನ್ನು ‘ಬಾರಲೇ’ ಎಂದು ಕರೆದಂತಾಗಿತ್ತು. “ಲೇ, ಇದೇನಿದು?” ಎಂದರು.

ಕುಕ್ಕರಿನ ಸತ್ಯ ತ್ರಿವೇಣಿಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ತಂಗಿ ನಗುತ್ತಿರುವಾಗ ಯಾವ ಅಕ್ಕ ಸತ್ಯ ಹೇಳಿದ್ದಾಳೆ?

“ದೇವ್ರಿಗೆ ಯಾರಾದ್ರೂ ‘ರೀ’ ಅಂತಾರೇನು?” ಎಂದಳು. “ಹಂಪಿಗೆ ಹೋಗಿ ವಿರೂಪಾಕ್ಷಪ್ಪಗ ‘ಬರ್ರಿ, ಕುಂದ್ರಿ, ಚಾ ಕುಡೀರಿ’ ಅಂತೀವೇನು? ‘ಕಾಪಾಡೋ ನಮ್ಮಪ್ಪಾ’ ಅಂತೀವಿ. ನಮ್ಮೋರು ಅನ್ನೋರಿಗೆ ಸಣ್ಣಕ್ಷರ. ದೊಡ್ಡಕ್ಷರ ಹೊರಗಿನೋರಿಗೆ.”

ಈ ಸಿದ್ಧಾಂತ ಹುಟ್ಟಿ ಇನ್ನೂ ಹೊಕ್ಕುಳ ಬಳ್ಳಿ ಒಣಗಿರಲಿಲ್ಲ. ಆದರೂ ಕೊಟ್ರಯ್ಯನವರ ಎದೆ ತುಂಬಿ ಬಂತು. ಸ್ಫೂರ್ತಿಯ ನಗು ಇಳಿಯಿತು. ಎಲ್ಲವೂ ಅಲ್ಲಿಗೇ ಮುಗಿಯಬಹುದಿತ್ತು, ಕುರ್ಚಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದ ಪಂಪಯ್ಯನವರು ತಲೆ ಎತ್ತದಿದ್ದರೆ.

“ಅಂದ್ರ ನಾನು ಹೊರಗಿನೋನೇನವ್ವ ತ್ರಿವೇಣಿ? ತಹಸೀಲ್ದಾರ್ರಿಗೆ ಹಾಕ್ದಂಗ ನನಗ ದೊಡ್ಡಕ್ಷರ ಹಾಕೀದಿ.”

“ನನಗೂ ಹಾಕ್ಯಾಳ ನೋಡ್ರಿ,” ಎಂದು ಶಿವಗಂಗಮ್ಮನವರು ಸೆರಗಿನ ತುದಿಯನ್ನು ಕಣ್ಣಿನ ಕಡೆ ಒಯ್ದರು. “ನನ್ನ ಹೊಟ್ಟ್ಯಾಗ ಹುಟ್ಟಿದಾಕಿ.”

ಸುಗ್ಗಿಯಲ್ಲಿ ಭತ್ತದ ಧಾರಣೆ ಬಿದ್ದ ಹಾಗೆ ದೊಡ್ಡಕ್ಷರದ ಬೆಲೆ ನಿಂತ ನಿಲುವಿನಲ್ಲಿ ಬಿತ್ತು. ಈಗ ಎಲ್ಲರಿಗೂ ಸಣ್ಣಕ್ಷರವೇ ಬೇಕು. ಸ್ಫೂರ್ತಿ ಕೂಡ, ತನಗೆ ಕೊಟ್ಟ ದೊಡ್ಡಕ್ಷರವನ್ನು ಯಾರೋ ಉಂಡು ಬಿಟ್ಟ ಎಲೆಯಂತೆ ನೋಡತೊಡಗಿದಳು. ಮತ್ತು ಇಡೀ ವಂಶದಲ್ಲಿ, ಮೊದಲಿನಿಂದಲೂ, ಸಣ್ಣಕ್ಷರದ ಫೋಲ್ಡರ್ ಪಡೆದಿದ್ದವನು ಒಬ್ಬನೇ ಒಬ್ಬ.

ತಿಪ್ಪೇಶ್ ಎದ್ದು ಬಂದು ಕೊಟ್ರಯ್ಯನವರ ಎರಡೂ ಕೈ ಹಿಡಿದುಕೊಂಡ. “ಅಣ್ಣಾರ, ನನ್ನ ನೀವು ಮೊದ್ಲಿಂದ ಮನಿಯೋನು ಅಂತ ತಿಳ್ಕೊಂಡೀರಿ. ನಾನ ನಿಮ್ಮನ್ನ ತಪ್ಪು ತಿಳಿದಿದ್ದೆ.”

“ಹೂಂ ತಮ್ಮಾ,” ಎಂದರು ಕೊಟ್ರಯ್ಯನವರು.

ಪಂಪಯ್ಯನವರು ತೀರ್ಪು ಕೊಟ್ಟರು: ಎಲ್ಲರೂ ಸಣ್ಣಕ್ಷರ, ಮಂದಿ ಬರುವುದರೊಳಗೆ. ಮೂಕಪ್ಪ ಪುಟವನ್ನು ತಿದ್ದಿದ. ಕೊಟ್ರಯ್ಯನವರು ಫೋಲ್ಡರುಗಳ ಮುಂದೆ ಕುಳಿತು ಒಂದೇ ಬೆರಳಿನಲ್ಲಿ ಮಾವನನ್ನು ಸಣ್ಣ ಮಾಡಿದರು, ಅತ್ತೆಯನ್ನು ಸಣ್ಣ ಮಾಡಿದರು, ಹೆಂಡತಿ, ನಾದಿನಿ ಎಲ್ಲರನ್ನೂ ಸಣ್ಣ ಮಾಡಿದರು. ತಿಪ್ಪೇಶನನ್ನು ಮುಟ್ಟುವ ಕೆಲಸವೇ ಇರಲಿಲ್ಲ. ಉಳಿದದ್ದು ತಮ್ಮದು. ಅಲ್ಲಿ ಬೆರಳು ನಿಂತಿತು.

ಮಾವನ ಮನೆಯ ಪಂಕ್ತಿಯಲ್ಲಿ ಅಳಿಯ ತಾನಾಗಿ ಎರಡನೆಯ ಹೋಳಿಗೆ ಕೇಳುವುದಿಲ್ಲ. ಬಡಿಸುವವರು ‘ಹಾಕಿಸ್ಕೊಳ್ರಿ’ ಎನ್ನಬೇಕು. ಅಳಿಯ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿಯಬೇಕು. ಅವರು ಕೈ ಸರಿಸಿ ಹಾಕಬೇಕು. ಹೀಗಿರುವಾಗ ‘ನಮ್ಮೋರು’ ಎಂಬ ಪಂಕ್ತಿಗೆ ಹಿರೇ ಅಳಿಯ ತನ್ನ ಕೈಯಾರೆ ತನ್ನನ್ನು ಬಡಿಸಿಕೊಳ್ಳುವುದೇ? ‘ಅಳಿಯಂದ್ರ, ನಿಮ್ದೂ ಸಣ್ಣದು ಮಾಡ್ರಿ’ ಎಂದು ಯಾರಾದರೂ ಒಂದು ಮಾತು ಹೇಳಲಿ ಎಂದು ಕಾದರು.

“ಎಲ್ಲಾರ್ದೂ ಆತು,” ಎಂದರು ಗಟ್ಟಿಯಾಗಿ. ಆಮೇಲೆ ಇನ್ನೂ ಗಟ್ಟಿಯಾಗಿ, “ಬಹುತೇಕ ಎಲ್ಲಾರ್ದೂ.”

“ಭಾಳ ಚಲೋ ಆತು,” ಎಂದರು ಪಂಪಯ್ಯನವರು, ಗೇಟಿನ ಕಡೆ ಹೋಗುತ್ತ. ಅತಿಥಿಗಳು ಬರತೊಡಗಿದ್ದರು. ಕೊಟ್ರಯ್ಯನವರು ದೂರದಲ್ಲಿದ್ದ ಹೆಂಡತಿಗೆ ಹುಬ್ಬು ಕುಣಿಸಿ ಪರದೆಯ ಕಡೆ ಸನ್ನೆ ಮಾಡಿದರು. ತ್ರಿವೇಣಿ ತಲೆಯಾಡಿಸಿ ಒಳಗೆ ಹೋಗಿ ಒಂದು ಲೋಟ ಚಹಾ ಕಳಿಸಿದಳು. ಮೂಕಪ್ಪ “ಆತಲ್ರಿ, ಬಿಡ್ರಿ” ಎಂದು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡ.

ಕಂಪ್ಲಿಯ ವರ್ತಕರೆಲ್ಲ ಬಂದು ಕುಳಿತರು. ಪರದೆಯ ಮೇಲೆ ಪಂಪಯ್ಯನವರು ಬಂದರು, ಶಿವಗಂಗಮ್ಮನವರು ಬಂದರು, ಇಬ್ಬರು ಹೆಣ್ಣುಮಕ್ಕಳು ಬಂದರು. ತಿಪ್ಪೇಶ್ ತಲೆಗೆ ಹೆಲ್ಮೆಟ್ ಹಾಕಿಕೊಂಡು, ಹಿಂದೊಂದು ಕೆಂಪು ಗುಡ್ಡ ಇಟ್ಟುಕೊಂಡು, ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಬಂದ. ಕೊನೆಗೆ ಕೊಟ್ರಯ್ಯನವರ ಹೆಸರಿಗೆ ಬರಿದಾದ ಚೌಕ ಬಂದು ನಿಂತಿತು. ಮೂಕಪ್ಪ ಮತ್ತೊಮ್ಮೆ ಒತ್ತಿದ. ಚೌಕ ಇನ್ನಷ್ಟು ಬರಿದಾದಂತೆ ಕಂಡಿತು. ಮಂದಿ ಗುಸುಗುಸು ಮಾತಾಡತೊಡಗಿದರು.

ಪಂಪಯ್ಯನವರು ಎದ್ದು ಮೈಕು ತೆಗೆದುಕೊಂಡರು.

“ನೋಡ್ರಪ್ಪಾ, ಇದನ್ನೆಲ್ಲಾ ಕುಂತು ಮಾಡಿದೋರು ನಮ್ಮ ಹಿರೇ ಅಳಿಯಂದ್ರು. ಎಲ್ಲಾರ ಫೋಟೊ ಹಾಕಿ ತಮ್ದೊಂದು ಖಾಲಿ ಬಿಟ್ಟಾರ. ದೊಡ್ಡೋರು ಅಂದ್ರ ಹಿಂಗಿರ್ಬೇಕು.”

ಚಪ್ಪಾಳೆ ಬಿತ್ತು. ಸ್ಫೂರ್ತಿಯೂ ಹೊಡೆದಳು. ಕೊಟ್ರಯ್ಯನವರಿಗೆ ತಮ್ಮ ತ್ಯಾಗದ ಅರಿವಾದದ್ದು ಆಗಲೇ. ಅದು ನಿಜವಿರಬಹುದೆಂದು ಅವರಿಗೂ ಅನ್ನಿಸಿತು. ಎದ್ದು, ಅಂಗಿ ಸರಿಮಾಡಿಕೊಂಡು, ವೇದಿಕೆಯ ಹತ್ತಿರ ಹೋದರು. ಪಂಪಯ್ಯನವರ ಕೈಯಲ್ಲಿ ಜರಿ ಅಂಚಿನ ಶಾಲು ಬಿಚ್ಚಿಕೊಂಡಿತ್ತು. ಈ ಸಲ ಒಂದೇ ಶಾಲು ತಂದಿದ್ದರು. ಕೊಟ್ರಯ್ಯನವರು ಹಾಕುವವರಿಗೆ ಅನುಕೂಲವಾಗಲೆಂದು ಕುತ್ತಿಗೆಯನ್ನು ತಕ್ಕಷ್ಟು ಬಗ್ಗಿಸಿದರು.

“ಇಂಥೋರಿಗೆ ಶಾಲು ಹಾಕಿ ನಾವು ಸಣ್ಣತನ ಮಾಡ್ಬಾರ್ದು,” ಎಂದು ಪಂಪಯ್ಯನವರು ಮೈಕಿನಲ್ಲಿ ಮುಂದುವರಿಸಿದರು. “ಅವ್ರಿಗೆ ಇಂಥಾವು ಹಿಡಿಸಂಗಿಲ್ಲ. ಲೇ ತಿಪ್ಪೇಶಾ, ಬಾ ಇಲ್ಲಿ. ಅಳಿಯಂದ್ರ, ನೀವು ಕುಂದ್ರಿ.”

ಬಗ್ಗಿಸಿದ ಕುತ್ತಿಗೆಯನ್ನು ಅಷ್ಟು ಜನರ ಮುಂದೆ ಹಾಗೆಯೇ ಮೇಲೆತ್ತಲು ಬರುವುದಿಲ್ಲ. ಕೊಟ್ರಯ್ಯನವರು ಅದನ್ನು ಇನ್ನೂ ಸ್ವಲ್ಪ ಕೆಳಗೆ ಬಗ್ಗಿಸಿ, ಎರಡೂ ಕೈ ಜೋಡಿಸಿ, ಸಭೆಗೆ ನಮಸ್ಕಾರ ಮಾಡಿದರು.

“ನೋಡ್ರಿ,” ಎಂದರು ಪಂಪಯ್ಯನವರು, ಶಾಲನ್ನು ತಿಪ್ಪೇಶನಿಗೆ ಹೊದಿಸುತ್ತ, “ಎಷ್ಟು ವಿನಯ.”