ಯಾರೂ ಕುಡಿಯದ ನೀರು

ಯಂತ್ರ ಮೂರನೇ ಸಲವೂ ನೀರನ್ನು ದೊಡ್ಡಪ್ಪನ ಮುಖಕ್ಕೇ ಉಗುಳಿತು.

“ದಯವಿಟ್ಟು ಗಮನಿಸಿ,” ಎಂದಿತು, ರೈಲು ತಡವಾದಾಗ ಕೇಳಿಸುವ ಹೆಂಗಸಿನ ದನಿಯಲ್ಲಿ. “ಎಂಜಲು. ಕಪ್ಪೆ ಎರಡು, ಕೋತಿ ಏಳು, ಮೇಕೆ ಒಂದು.”

ದೊಡ್ಡಪ್ಪ ಕನ್ನಡಕ ಒರೆಸಿಕೊಂಡರು. ದೊಡ್ಡಮ್ಮ ಬಂಡೆಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನಾವು ಮೂವರೂ ಕರೇಕಲ್ಲು ಬೆಟ್ಟದ ಅರ್ಧಕ್ಕೆ ಬಂದಿದ್ದೆವು. ಎದುರಿಗೆ ಒಂದು ದೊಣೆ, ಅಂದರೆ ಬಂಡೆಯ ಕುಳಿಯಲ್ಲಿ ನಿಂತ ಮಳೆ ನೀರು. ಸುತ್ತ ಕಾದ ಹೆಂಚಿನಂಥ ಕಲ್ಲು.

ಸುದರ್ಶನ ದೊಡ್ಡಪ್ಪ ತುಮಕೂರಿನಲ್ಲಿ ತಕ್ಕಡಿ ರಿಪೇರಿ ಮಾಡುತ್ತಾರೆ. ಮೂವತ್ತೊಂದು ವರ್ಷದಿಂದ ಒಬ್ಬರೇ ಬೆಟ್ಟ ಹತ್ತುತ್ತಿದ್ದಾರೆ. ಇಂದುಮತಿ ದೊಡ್ಡಮ್ಮ ಒಮ್ಮೆಯೂ ಜೊತೆಗೆ ಬಂದಿರಲಿಲ್ಲ. ಕಾರಣ ಎಂಜಲು. ಅವರು ಮನೆಯ ನೀರು ಬಿಟ್ಟು ಬೇರೆ ಮುಟ್ಟುವುದಿಲ್ಲ, ಅದನ್ನೂ ಚೊಂಬಿನಿಂದ ಎತ್ತಿ ಕುಡಿಯುತ್ತಾರೆ. ದಿನಕ್ಕಾಗುವಷ್ಟು ಮನೆ ನೀರನ್ನು ಬೆಟ್ಟಕ್ಕೆ ಹೊರುವವರು ಯಾರು?

ಚಾರಣಕ್ಕೊಂದು ಫಿಲ್ಟರ್ ಆರಿಸಿಕೊಡು ಎಂದು ದೊಡ್ಡಪ್ಪ ನನ್ನನ್ನು ಕೇಳಿದ್ದರು. ನಾನು ಮೂರು ತೋರಿಸಿದೆ. ಹೀರುವ ಕೊಳವೆಗೆ ಬಾಯಿ ಹಾಕಬೇಕು, ಆಗದು. ಮಾತ್ರೆ ಹಾಕಿದರೆ ಅರ್ಧ ಗಂಟೆ ಕಾಯಬೇಕು, ಮೇಲೆ ಈಜುಕೊಳದ ವಾಸನೆ. ಮೂರನೆಯದು ಹಿಂಡುವ ಚೀಲ. ನೀರು ತುಂಬಿ, ಬಾಯಿಗೆ ಫಿಲ್ಟರ್ ತಿರುಗಿಸಿ ಹಿಂಡಿದರಾಯಿತು. ದೊಡ್ಡಪ್ಪ ಅದನ್ನು ತಿರುವಿ ತಿರುವಿ ನೋಡಿ, ಇದು ಕ್ರಿಮಿ ತೆಗೆಯುತ್ತೆ ಸರಿ, ಎಂಜಲು ತೆಗೆಯುತ್ತಾ ಎಂದರು. ಚೀಲವನ್ನು ನನ್ನ ಕೈಗೇ ವಾಪಸು ಕೊಟ್ಟರು. ಎರಡು ತಿಂಗಳಲ್ಲಿ ಹಳೇ ಕುಕ್ಕರಿಗೆ ತಕ್ಕಡಿಯ ಸೆನ್ಸರ್ ಕೂಡಿಸಿ ಈ ಯಂತ್ರ ಕಟ್ಟಿದರು. ಎಂಜಲಾದ ಹನಿಯನ್ನು ಉಗುಳಿ, ಉಳಿದದ್ದನ್ನು ಲೋಟಕ್ಕೆ ಬಿಡುವ ಯಂತ್ರ. ಅದರ ಹೆಮ್ಮೆಯಲ್ಲಿ ಬೆಳಿಗ್ಗೆ ದೊಡ್ಡಮ್ಮನ ನೀರಿನ ಚೊಂಬನ್ನು ಬ್ಯಾಗಿನಿಂದ ತೆಗೆದು ಮನೆಯಲ್ಲೇ ಇಟ್ಟು ಬಂದಿದ್ದರು.

“ನೀರಿಲ್ಲದೆ ಇನ್ನೊಂದು ಹೆಜ್ಜೆ ಇಡಲ್ಲ ರೀ,” ಎಂದರು ದೊಡ್ಡಮ್ಮ. “ಈಗ ಇಳಿದೆ ಅಂದ್ರೆ, ಮತ್ತೆ ನನ್ನ ಹತ್ತಿರ ಬೆಟ್ಟದ ಮಾತು ಎತ್ತಬೇಡಿ.”

ದೊಡ್ಡಪ್ಪ ಗಾಬರಿಯಾಗಿ ನನ್ನ ಬಾಟಲಿ ಕಿತ್ತುಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದು, ಸೀಲು ಒಡೆದಿರಲಿಲ್ಲ. ಯಂತ್ರ ಅದನ್ನೆಲ್ಲ ಕುಡಿದು ತುಂಬ ಹೊತ್ತು ಗುನುಗಿತು.

“ದಯವಿಟ್ಟು ಗಮನಿಸಿ. ಎಂಜಲು. ದೊಡ್ಡ ಹಲ್ಲಿ ಒಂದು. ಆರು ಕೋಟಿ ಅರವತ್ತು ಲಕ್ಷ ವರ್ಷಗಳ ಹಿಂದೆ.”

ಇಡೀ ಬಾಟಲಿ ದೊಡ್ಡಪ್ಪನ ಅಂಗಿಯ ಮೇಲೆ ಬಿತ್ತು.

“ಎಷ್ಟು ಸೂಕ್ಷ್ಮ ನೋಡು!” ಎಂದರು ಅವರು, ನೀರು ಸುರಿಸುತ್ತ.

ಯಾವ ಹಲ್ಲಿಯೇ ಅದು ಎಂದು ದೊಡ್ಡಮ್ಮ ನನ್ನನ್ನು ಕೇಳಿದರು. ಡೈನೋಸಾರ್ ಎಂದೆ. ಭೂಮಿಯಲ್ಲಿರುವುದು ಅದೇ ಹಳೇ ನೀರು, ಮೋಡವಾಗುತ್ತದೆ, ಮತ್ತೆ ಇಳಿಯುತ್ತದೆ, ಎಲ್ಲವನ್ನೂ ಯಾವಾಗಲೋ ಯಾರೋ ಕುಡಿದಿದ್ದಾರೆ ಎಂದು ವಿವರಿಸಿದೆ.

“ನಮ್ಮನೆ ನೀರು?”

“ಅದೂ ಅಷ್ಟೇ ದೊಡ್ಡಮ್ಮ.”

ಮನೆಯಲ್ಲಿ ಯಂತ್ರವನ್ನು ಪರೀಕ್ಷೆ ಮಾಡಲಿಲ್ಲವೇ ಎಂದು ದೊಡ್ಡಪ್ಪನನ್ನು ಕೇಳಿದೆ. ಚರಂಡಿ ನೀರು ಹಾಕಿ ನೋಡಿದ್ದರಂತೆ, ಒಂದು ಹನಿಯೂ ಬಿಡಲಿಲ್ಲವಂತೆ, ಬಹಳ ಖುಷಿಯಾಯಿತಂತೆ. ಅಡುಗೆಮನೆಯ ನೀರು ಹಾಕಲಿಲ್ಲ. ಹೆಂಡತಿಯ ಬಿಂದಿಗೆಯನ್ನು ಅನುಮಾನಿಸಿದಂತಾಗುತ್ತದಲ್ಲ!

ಅಷ್ಟರಲ್ಲಿ ಯಂತ್ರ ಕೆಮ್ಮಿತು. “ಎಂಜಲಿಲ್ಲದ ನೀರು ಲಭ್ಯವಿಲ್ಲ. ತಯಾರಿಸಲಾಗುತ್ತಿದೆ.”

“ಇದನ್ನ ನಾನು ಹೇಳಿಕೊಟ್ಟಿಲ್ಲ,” ಎಂದು ದೊಡ್ಡಪ್ಪ ಎರಡು ಹೆಜ್ಜೆ ಹಿಂದೆ ಸರಿದರು.

ಅದು ಕೊಳವೆಯನ್ನು ತಾನೇ ದೊಣೆಗೆ ಇಳಿಸಿತು. ನೀರನ್ನು ಹೈಡ್ರೋಜನ್ ಬೇರೆ, ಆಮ್ಲಜನಕ ಬೇರೆ ಮಾಡಿ ಹೊಸದಾಗಿ ಕೂಡಿಸತೊಡಗಿತು. ಮೊದಲ ಸೀಟಿ ಬಂತು. ದೊಣೆ ಒಂದು ಗೇಣು ಇಳಿಯಿತು, ಎರಡು ಕಪ್ಪೆಗಳೂ ದಡಕ್ಕೆ ಬಂದು ನಮ್ಮನ್ನು ನೋಡುತ್ತ ಕೂತವು. ಎರಡನೇ ಸೀಟಿಗೆ ಬಗ್ಗಿ ನೋಡಿದ ದೊಡ್ಡಪ್ಪನ ಎಡ ಮೀಸೆ ಚಿಮ್ಮಿದ ಬೆಂಕಿಗೆ ಸುಟ್ಟುಹೋಯಿತು.

“ಆ ಹಿಂಡೋ ಚೀಲ ತಂದಿದೀಯೇನೇ?” ಎಂದರು ದೊಡ್ಡಮ್ಮ.

ತಂದಿದ್ದೆ. ದೊಣೆಯಲ್ಲಿ ಉಳಿದಿದ್ದ ನೀರು ತುಂಬಿ ಹಿಂಡಿದೆ. ದೊಡ್ಡಮ್ಮ ತಲೆ ಹಿಂದಕ್ಕೆ ಬಾಗಿಸಿ, ತುಟಿಗೆ ತಾಗಿಸದೆ, ಗಟಗಟನೆ ಕುಡಿದರು. ಬಾಯಿ ಒರೆಸಿಕೊಂಡು ಕೆಳಗಿನ ಊರುಗಳನ್ನು ನೋಡಿದರು.

“ಮನೇದೂ ಹಲ್ಲಿ ಕುಡಿದದ್ದೇ ಅಂದ್ರೆ, ಮೂವತ್ತೊಂದು ವರ್ಷ ಸುಮ್ಮನೆ ಕೂತಿದ್ದೆ ಕಣೇ,” ಎಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತತೊಡಗಿದರು.

ಮೂರನೇ ಸೀಟಿ. ಲೋಟದ ತಳದಲ್ಲಿ ಅರ್ಧ ಬೆರಳಿನಷ್ಟು ನೀರು.

“ಭೂಮಿಯ ಮೇಲೆ ಇದುವರೆಗೆ ಯಾರೂ ಕುಡಿಯದ ನೀರು,” ಎಂದು ಘೋಷಿಸಿ ಯಂತ್ರ ಆರಿಹೋಯಿತು.

ದೊಡ್ಡಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅರ್ಧ ಮೀಸೆಯಲ್ಲಿ, ಏದುಸಿರು ಬಿಡುತ್ತ ದೊಡ್ಡಮ್ಮನ ಹಿಂದೆ ಓಡಿದರು.

“ಇಂದೂ, ತಗೋ. ಮೊದಲ ಗುಟುಕು ನಿನ್ನದೇ.”

ದೊಡ್ಡಮ್ಮ ಲೋಟದೊಳಗೆ ಇಣುಕಿದರು. ಆಮೇಲೆ ಮೀಸೆ ನೋಡಿದರು.

“ಯಾರೂ ಕುಡಿದು ನೋಡದ ನೀರನ್ನ ನಾನು ಕುಡಿಯಲ್ಲ.”