ಕರಕರ ನಿಲ್ಲಿಸಲು ನಾನು ಹೊರಡಿಸಿದ ಆರ್ಡರು

ಬಾಯಲ್ಲಿ ಆಡಿ ಮುಗಿಸಬಹುದಾದ ಮಾತನ್ನು ಕಾಗದದ ಮೇಲೆ ಬರೆಯುವುದು ಒಂದು ರೋಗ. ಇಪ್ಪತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಕೂತವನಿಗೆ ಅದು ತಪ್ಪಿದ್ದಲ್ಲ. ಎದುರು ಮೇಜಿನವನ ಹತ್ತಿರ ಗುಂಡುಸೂಜಿ ಬೇಕಾದರೂ ನಾವು ಒಂದು ಚೀಟಿ ಬರೆಯುತ್ತಿದ್ದೆವು. ಅವನು ಅದರ ಮೇಲೆ ‘ನೋಡಿದೆ’ ಎಂದು ರುಜು ಹಾಕಿ ವಾಪಸು ಕಳಿಸುತ್ತಿದ್ದ. ಸೂಜಿ ಮಾತ್ರ ಬರುತ್ತಿರಲಿಲ್ಲ. ರೋಗ ಕಚೇರಿಯಲ್ಲೇ ಉಳಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ನಾನು ಅದನ್ನು ಚಾಮರಾಜಪೇಟೆಯ ಮನೆಗೂ ತಂದೆ. ಅದರಿಂದ ಪಕ್ಕದ ಮನೆಯ ಹೆಂಗಸೊಬ್ಬರ ಕಾಲು ಕೆಟ್ಟಿತು. ನಗಿಸಬೇಕೆಂದು ಕೂತವನು ಮೊದಲಿಗೇ ಇದನ್ನು ಹೇಳಿಬಿಡಬಾರದೇನೋ. ಆದರೆ ಹೇಳದೆ ಇಟ್ಟುಕೊಂಡು ಅನುಭವಿಸಿದ್ದು ಸಾಕಾಗಿದೆ.

ಎಲ್ಲಕ್ಕೂ ಮೂಲ ನಾನು ತಂದ ರೇಡಿಯೋ. ನಮ್ಮ ರಸ್ತೆಯಲ್ಲಿ ಅದು ಎರಡನೆಯದು. ಹೆಂಡತಿ ಕಮಲ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಹೂವು ಮುಡಿಸಿದಳು. ಹೆಂಚಿನ ಮೇಲೆ ಎರಡು ಬಿದಿರು ನೆಟ್ಟು ಏರಿಯಲ್ ತಂತಿ ಕಟ್ಟಿದ್ದಾಯಿತು. ಮೊದಲ ದಿನ ಸಂಜೆ ಬೀದಿಯ ಅರ್ಧ ಜನ ನಮ್ಮ ಜಗಲಿಯಲ್ಲಿದ್ದರು. ಗಾಯಕರು ಆಲಾಪನೆಗೆ ಶುರುಮಾಡಿ ಮೇಲಿನ ಷಡ್ಜಕ್ಕೆ ಏರುವ ಹೊತ್ತಿಗೆ ಯಾರೋ ಬಾಣಲೆಯಲ್ಲಿ ಹುರುಳಿ ಹುರಿದ ಹಾಗೆ ಕರಕರ ಎಂದಿತು. ನಿಂತಿತು. ಮತ್ತೆ ಶುರುವಾಯಿತು. ಮರುದಿನವೂ ಅದೇ ಹೊತ್ತಿಗೆ ಅದೇ ಹುರುಳಿ. ಬೆಳಗಿನ ಬಜಾರು ಧಾರಣೆ ಮುತ್ತಿನಂತೆ ಕೇಳುತ್ತಿತ್ತು. ಸಂಜೆ ಸಂಗೀತಕ್ಕೆ ಮಾತ್ರ ಈ ಪಕ್ಕವಾದ್ಯ. ವಾರ ಕಳೆಯುವುದರಲ್ಲಿ ಜಗಲಿ ಖಾಲಿಯಾಯಿತು.

ರಿಪೇರಿಯ ಮುನಿಸ್ವಾಮಿಯನ್ನು ಕಲಾಸಿಪಾಳ್ಯದಿಂದ ಕರೆಸಿದೆ. ಅವನು ಕೇಳಿ ನೋಡಿ ತಲೆಯಾಡಿಸಿ, “ರೇಡಿಯೋದಲ್ಲಿ ಏನೂ ಇಲ್ಲ ಸಾರ್. ಹತ್ರದಲ್ಲೇ ಎಲ್ಲೋ ಮೋಟಾರ್ ಓಡ್ತಿದೆ. ಅದು ಯಾವ್ದು ಅಂತ ಹುಡುಕಿ, ಅದಕ್ಕೊಂದು ಕಂಡೆನ್ಸರ್ ಹಾಕ್ಬಿಟ್ರೆ ಸುಮ್ನಾಗುತ್ತೆ” ಎಂದ. ಬೆರಳಿನಷ್ಟುದ್ದದ ಸಾಮಾನು, ಕಾಲು ಗಂಟೆಯ ಕೆಲಸ. ನನಗೆ ಇದು ಹಿಡಿಸಲಿಲ್ಲ. ಕಾಯಿಲೆ ನಮ್ಮ ರೇಡಿಯೋಗೆ, ಔಷಧಿ ಇನ್ನೊಬ್ಬರ ಮೋಟಾರಿಗೆ ಕುಡಿಸುವುದು ಯಾವ ವೈದ್ಯ ಎಂದು ಅವನನ್ನು ಕಳಿಸಿಬಿಟ್ಟೆ. ಬದಲಿಗೆ ಯಾರೋ ಹೇಳಿದರೆಂದು ರೇಡಿಯೋದ ಅರ್ಥ್ ತಂತಿ ಕಟ್ಟಲು ಹಿತ್ತಲ ನೆಲದಲ್ಲಿ ಹೂತಿದ್ದ ಪೈಪಿನ ಸುತ್ತ ಉಪ್ಪು, ಇದ್ದಿಲು ತುಂಬಿ ದಿನಾ ಒಂದು ಕೊಡ ನೀರು ಹಾಕತೊಡಗಿದೆ. “ತುಳಸಿಗೆ ಒಂದು ಚೊಂಬು, ಈ ಕಬ್ಬಿಣಕ್ಕೆ ಒಂದು ಕೊಡ. ಇನ್ನು ಪ್ರದಕ್ಷಿಣೆ ಒಂದು ಬಾಕಿ” ಎಂದಳು ಕಮಲ. ಕರಕರ ನಿಲ್ಲಲಿಲ್ಲ; ಪಕ್ಕದಲ್ಲಿದ್ದ ಕನಕಾಂಬರ ಮಾತ್ರ ಉಪ್ಪುನೀರಿಗೆ ಸತ್ತುಹೋಯಿತು.

ಆಮೇಲೆ ನನ್ನ ಕಣ್ಣು ಬಿದ್ದದ್ದು ಮೂಲೆ ಅಂಗಡಿಯ ಸಿದ್ದಲಿಂಗಪ್ಪನವರ ಕಾಫಿಪುಡಿ ಮೆಷಿನ್ನಿನ ಮೇಲೆ. ಹೋಗಿ ನಾಲ್ಕು ಮಾತು ಬಿರುಸಾಗಿಯೇ ಆಡಿದೆ. “ಅಮಾವಾಸ್ಯೆ ದಿನ ನಮ್ಮ ಮೆಷಿನ್ ಓಡಲ್ಲ ರಾಯರೇ. ಅವತ್ತು ಕೇಳಿ ನೋಡಿ, ಆಮೇಲೆ ಬೈಯೋರಂತೆ” ಎಂದರು ಅವರು. ಅಮಾವಾಸ್ಯೆಯ ಸಂಜೆಯೂ ಹುರುಳಿ ಹುರಿಯಿತು. ನಾನು ಕ್ಷಮೆ ಕೇಳಲಿಲ್ಲ. ಅಂದಿನಿಂದ ನಮ್ಮ ಮನೆಯ ಕಾಫಿಪುಡಿಯಲ್ಲಿ ಚಿಕೋರಿ ಜಾಸ್ತಿಯಾಯಿತೆಂದು ಕಮಲಳ ಅನುಮಾನ.

ಕೊನೆಗೆ ಒಂದು ಸಂಜೆ ನಾನು ಹಿತ್ತಲಿನ ಗೋಡೆಗೆ ಕಿವಿಕೊಟ್ಟು ನಿಂತೆ. ಕಮಲ ರೇಡಿಯೋ ಪಕ್ಕ ಕೂತು ಕೂಗುತ್ತಿದ್ದಳು. “ಶುರುವಾಯ್ತು ನೋಡಿ!” ಗೋಡೆಯಾಚೆ ಹೊಲಿಗೆ ಮೆಷಿನ್ನಿನ ಗುಯ್ ಎಂಬ ಸದ್ದು. “ನಿಂತ್ಹೋಯ್ತು!” ಆಚೆಯೂ ನಿಂತಿತ್ತು. ಅದು ಸಾವಿತ್ರಮ್ಮನವರ ಮನೆ. ಗಂಡ ತೀರಿಹೋದ ಮೇಲೆ ಬೀದಿಯವರ ರವಿಕೆ, ಮಕ್ಕಳ ಲಂಗ ಹೊಲಿದು ಒಬ್ಬರೇ ಬದುಕುತ್ತಿದ್ದರು. ಚಿಕ್ಕಂದಿನಿಂದ ಅವರ ಬಲಗಾಲಿಗೆ ಶಕ್ತಿ ಸಾಲದು. ಮೆಷಿನ್ ತುಳಿಯುವುದು ಕಷ್ಟವೆಂದು ಅವರ ತಮ್ಮ ದಂಡುಪ್ರದೇಶದ ಅಂಗಡಿಯಿಂದ ಒಂದು ಹಳೆಯ ಮೋಟಾರು ತಂದು ಜೋಡಿಸಿಕೊಟ್ಟಿದ್ದ. ಅದರ ಕಿಡಿಯೇ ನಮ್ಮ ಷಡ್ಜವನ್ನು ಹುರಿಯುತ್ತಿದ್ದದ್ದು.

“ನಾನು ಹೋಗಿ ಹೇಳ್ಬರ್ತೀನಿ. ಎರಡು ನಿಮಿಷದ ಮಾತು” ಎಂದಳು ಕಮಲ. ಹೆಂಗಸರ ಮಾತು ಎಲ್ಲೋ ಶುರುವಾಗಿ ಹುಣಸೇಹಣ್ಣಿನ ತನಕ ಹೋಗುತ್ತದೆ, ಇಂಥದ್ದನ್ನೆಲ್ಲ ಕ್ರಮವಾಗಿ ಮಾಡಬೇಕು ಎಂದೆ. ಮರುದಿನ ಕಚೇರಿಯಲ್ಲಿ ಫುಲ್‌ಸ್ಕೇಪ್ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಕಾಗದವೊಂದನ್ನು ಟೈಪು ಮಾಡಿದೆ. ವಿನಯವಾಗಿ ಬರೆಯಬೇಕೆಂದೇ ಕೂತದ್ದು. ಆದರೆ ಬೆರಳುಗಳಿಗೆ ಬೇರೆ ಇಂಗ್ಲಿಷು ಬರುವುದಿಲ್ಲವಲ್ಲ. ‘ಈ ಮೂಲಕ ತಿಳಿಸಲು ನನಗೆ ಆಜ್ಞೆಯಾಗಿದೆ’ ಎಂದೇ ಶುರುವಾಯಿತು. ಆಜ್ಞೆ ಮಾಡಿದವರು ಯಾರೂ ಇರಲಿಲ್ಲ. ಮನೆಯಲ್ಲಿ ಆಜ್ಞೆ ಮಾಡುವ ಒಬ್ಬಳು ಬೇಡವೆಂದೇ ಹೇಳಿದ್ದಳು. ಮೋಟಾರಿನಿಂದ ಸಾರ್ವಜನಿಕರಿಗೆ ಉಪದ್ರವವಾಗುತ್ತಿದೆ, ಕೂಡಲೇ ನಿಲ್ಲಿಸತಕ್ಕದ್ದು, ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು ಎಂದು ಮುಗಿಯಿತು. ಕೆಳಗೆ ದೇವರಿಗೂ ಓದಲು ಬಾರದ ನನ್ನ ಕಚೇರಿಯ ರುಜು. ಒಂದು ಗೋಡೆಯಾಚೆಯ ಮನೆಗೆ ಅದನ್ನು ಅಂಚೆಯಲ್ಲಿ ಹಾಕಿದೆ.

ಮೂರನೆಯ ದಿನ ಕರಕರ ನಿಂತುಹೋಯಿತು. ಎಷ್ಟು ಸಂಭಾವಿತ ಹೆಂಗಸು, ಒಂದು ಮಾತು ಎದುರಾಡಲಿಲ್ಲ ಎಂದುಕೊಂಡೆ. ಒಂದು ತಿಂಗಳು ಕಾಲ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಸಂಗೀತ ಕೇಳಿದೆ. ಜಗಲಿಗೆ ಜನ ಮರಳಿ ಬಂದರು. ಗೋಡೆಯಾಚೆ ಈಗ ಕಟಕಟ ಎಂದು ನಿಧಾನವಾಗಿ ತುಳಿಯುವ ಸದ್ದು ಬರುತ್ತಿತ್ತಂತೆ. ಕಮಲ ಎರಡು ಸಲ ಹೇಳಿದಳು. ರೇಡಿಯೋದಲ್ಲಿ ಬರುತ್ತಿಲ್ಲವಲ್ಲ ಎಂದು ನಾನು ತಾಳ ಮುಂದುವರಿಸಿದೆ.

ತಿಂಗಳಾದ ಮೇಲೆ ಒಂದು ಭಾನುವಾರ ಸಾವಿತ್ರಮ್ಮನವರು ಗೋಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಕಾಲು ಕುಂಬಳಕಾಯಿಯಂತೆ ಊದಿತ್ತು. ಸೆರಗಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ನನ್ನ ಕೈಗಿಟ್ಟರು. ಬಿಡಿಸುವ ಮೊದಲೇ ನನಗೆ ಗೊತ್ತಾಯಿತು.

“ರಾಯರೇ, ನೀವು ಸರ್ಕಾರದ ಕಚೇರಿಯೋರು. ಇದನ್ನ ಸ್ವಲ್ಪ ಓದಿ ಹೇಳ್ತೀರಾ? ಸಿದ್ದಲಿಂಗಪ್ಪನೋರು ನೋಡಿ, ಇದು ಸರ್ಕಾರದ ಆರ್ಡರು, ಮನೇಲಿ ಮೋಟಾರ್ ಓಡಿಸ್ಬಾರದಂತೆ, ಓಡಿಸಿದ್ರೆ ಮೆಷಿನ್ನೇ ಎತ್ಕೊಂಡ್ ಹೋಗ್ತಾರೆ ಅಂದ್ರು. ಅದಕ್ಕೇ ಬಿಚ್ಚಿಟ್ಟು ತುಳೀತಿದ್ದೆ. ಇನ್ನು ಆಗಲ್ಲ. ಮದುವೆ ಮನೆಯ ಬಟ್ಟೆ ಬೇರೆ ವಾಪಸ್ ಕೊಟ್ಬಿಟ್ಟೆ. ನೀವು ಹೇಳಿ ಇದನ್ನ ರದ್ದು ಮಾಡಿಸ್ಬಹುದಾ?”

ಸಿದ್ದಲಿಂಗಪ್ಪನವರು ಹೈಸ್ಕೂಲಿನ ನಾಲ್ಕನೇ ಫಾರಂ ತನಕ ಇಂಗ್ಲಿಷು ಕಲಿತವರು, ಓದಿದ್ದರಲ್ಲಿ ತಪ್ಪೇನಿರಲಿಲ್ಲ. ನಾನು ಬರೆದದ್ದು ಹಾಗೆಯೇ ಇತ್ತು. ಕಮಲ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆಗ ಹೇಳಬಹುದಿತ್ತು. ‘ಇದು ನಾನೇ ಬರೆದದ್ದು’ ಎಂಬ ಇಷ್ಟೇ ಮಾತು. ನಾನು ಕನ್ನಡಕ ಏರಿಸಿ, ಕೆಮ್ಮಿ, “ಹೌದು, ಸರ್ಕಾರದ್ದೇ. ನೋಡೋಣ, ಪ್ರಯತ್ನ ಮಾಡ್ತೀನಿ” ಎಂದೆ.

“ನಿಮ್ಮ ರೇಡಿಯೋ ಇರೋದ್ರಿಂದ ಬದುಕಿದೀನಿ ರಾಯರೇ” ಎಂದರು ಏಳುತ್ತ. “ಹಗಲೆಲ್ಲ ಕತ್ತರಿ ಕೆಲಸ. ಸಂಜೆ ನಿಮ್ಮನೇಲಿ ಹಾಡು ಶುರುವಾದ್ಮೇಲೇ ನಾನು ಮೆಷಿನ್ ಮುಂದೆ ಕೂತ್ಕೊಳ್ಳೋದು. ಕೇಳ್ತಾ ಹೊಲಿದ್ರೆ ಬೇಸರ ಗೊತ್ತಾಗಲ್ಲ.”

ಸಂಗೀತಕ್ಕೆ ಸರಿಯಾಗಿ ಕರಕರ ಯಾಕೆ ಬರುತ್ತಿತ್ತೆಂದು ಆಗ ತಿಳಿಯಿತು. ನಮ್ಮ ಜಗಲಿಗೆ ಕಾಲೆಳೆದುಕೊಂಡು ಬರಲಾಗದ ಒಬ್ಬರು ಗೋಡೆಯಾಚೆ ಕೂತು ನನಗಿಂತ ಶ್ರದ್ಧೆಯಿಂದ ಕೇಳುತ್ತಿದ್ದರು.

ಮರುದಿನವೇ ಮುನಿಸ್ವಾಮಿಯನ್ನು ಕರೆದುಕೊಂಡು ಹೋಗಿ, ಆರ್ಡರು ರದ್ದಾಯಿತು, ಈ ಸಾಮಾನು ಹಾಕಿಸಬೇಕಂತೆ ಎಂದು ಸುಳ್ಳಿನ ಮೇಲೆ ಸುಳ್ಳು ಹೇಳಿ ಮೋಟಾರನ್ನು ಮತ್ತೆ ಜೋಡಿಸಿ ಕಂಡೆನ್ಸರ್ ಹಾಕಿಸಿದೆ. ಕಾಲು ಗಂಟೆ ಹಿಡಿಯಲಿಲ್ಲ. ಸಂಜೆ ಆಚೆ ಮೆಷಿನ್ ಗುಯ್ ಎನ್ನುತ್ತಿತ್ತು, ಈಚೆ ಷಡ್ಜ ಶುದ್ಧವಾಗಿತ್ತು. ಆದರೆ ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಒಬ್ಬರೇ ಇರಕೂಡದು ಎಂದರು ಡಾಕ್ಟರು. ತಮ್ಮ ಬಂದು ಅಕ್ಕನನ್ನೂ ಮೆಷಿನ್ನನ್ನೂ ಹನುಮಂತನಗರದ ಹೊಸ ಮನೆಗೆ ಕರೆದುಕೊಂಡು ಹೋದ. ಹೊರಡುವ ದಿನ ಸಾವಿತ್ರಮ್ಮನವರು ನಮ್ಮ ರೇಡಿಯೋಗೊಂದು ಹೊದಿಕೆ ಕೊಟ್ಟರು. ನೀಲಿ ಬಟ್ಟೆ, ಅಂಚಿಗೆ ಕೈಯಲ್ಲೇ ಹಾಕಿದ ಬಳ್ಳಿ ಕಸೂತಿ. ದಿನಾ ಸಂಜೆ ಅದನ್ನು ಎತ್ತದೆ ರೇಡಿಯೋ ಹಾಕುವಂತಿಲ್ಲ. ಎಷ್ಟೋ ದಿನ ಎತ್ತಲಾರದೆ ಸುಮ್ಮನೆ ಬಂದು ಕೂತಿದ್ದೇನೆ.

“ಹೋಗಿ ಬಾಯಿಬಿಟ್ಟು ಹೇಳ್ಬನ್ನಿ. ಕಾಗದ ಮಾತ್ರ ಬರೀಬೇಡಿ” ಎಂದಳು ಕಮಲ. ಮೊನ್ನೆ ಭಾನುವಾರ ಹೋದೆ. ಹನುಮಂತನಗರದ ಗುಡ್ಡದ ತನಕ ಮಾತನ್ನು ಬಾಯಿಪಾಠ ಮಾಡಿಕೊಂಡೇ ನಡೆದೆ. ಸಾವಿತ್ರಮ್ಮನವರು ಮಂಚದ ಮೇಲೆ ಕಾಲು ಚಾಚಿ ಕೂತು ಗುಂಡಿ ಹೊಲಿಯುತ್ತಿದ್ದರು. ನಾನು ಬಾಯಿ ತೆರೆಯುವುದರೊಳಗೆ ಒಳಗಿದ್ದ ತಮ್ಮನನ್ನು ಕೂಗಿದರು. “ಬಾರೋ ಇಲ್ಲಿ. ನಾನು ಹೇಳ್ತಿರ್ಲಿಲ್ವಾ, ಸರ್ಕಾರದ ಆರ್ಡರನ್ನ ಒಂದೇ ದಿನದಲ್ಲಿ ರದ್ದು ಮಾಡಿಸಿದ್ರು ಅಂತ. ಇವರೇ!” ತಮ್ಮ ಕೈ ಮುಗಿದು, ಕಾಫಿ ತರಿಸಿ, ಒಳಗಿನಿಂದ ಒಂದು ಕಾಗದ ತಂದ. ಅವರ ಮನೆಯ ಕಾಂಪೌಂಡು ಗೋಡೆ ರಸ್ತೆಗೆ ಬಂದಿದೆ, ಕೂಡಲೇ ಒಡೆಯತಕ್ಕದ್ದು ಎಂದಿತ್ತು. “ನೀವೇ ಏನಾದ್ರೂ ಮಾಡ್ಬೇಕು ಸಾರ್” ಎಂದ. ಸಾವಿತ್ರಮ್ಮನವರು, “ರಾಯರು ಮಾಡಿಸ್ತಾರೆ ಬಿಡೋ” ಎಂದು ನನ್ನ ಪರವಾಗಿ ಮಾತು ಕೊಟ್ಟರು. ನಾನು ಕನ್ನಡಕ ಏರಿಸಿ, ಕೆಮ್ಮಿ, ನೋಡೋಣ ಎಂದು ಕಾಗದವನ್ನು ಜೇಬಿಗೆ ಹಾಕಿಕೊಂಡು ಬಂದೆ. ದಾರಿಯುದ್ದಕ್ಕೂ ಅದನ್ನು ನಾಲ್ಕು ಸಲ ಬಿಡಿಸಿ ಓದಿದೆ. ಈ ಸಲ ಅದು ನಿಜವಾಗಿಯೂ ಸರ್ಕಾರದ್ದೇ.