ಅವ್ವನ ಸೀರೆಯ ಕುರ್ತಾ

ಕೆಲವರ ಕೈಗೆ ಕತ್ತರಿ ಸಿಗಬಾರದು ಎಂದು ನನ್ನ ಹೆಂಡತಿ ಶಾಂತಾ ಆಗಾಗ ಹೇಳುತ್ತಾಳೆ. ಕೆಲವರು ಅಂದರೆ ನಾನು. ಜಹೀರಾಬಾದಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಅಳತೆಯೇ ಕಸುಬಾದವನಿಗೆ ದರ್ಜಿಯ ಹಂಗೇಕೆ ಎಂಬುದು ನನ್ನ ವಾದ. ಅವಳು ತವರಿನಿಂದ ತಂದ ಹೊಲಿಗೆ ಯಂತ್ರದಲ್ಲಿ ನನ್ನ ಹಳೆಯ ಪ್ಯಾಂಟುಗಳು ಸಂತೆಯ ಚೀಲಗಳಾಗಿವೆ, ಮಂಚದ ಚಾದರ ಮಗಳ ಲಂಗವಾಗಿದೆ. ಆ ಲಂಗ ತೊಟ್ಟು ಮಗಳು ಒಂದೇ ಸಲ ಓಣಿಗೆ ಹೋಗಿ ಬಂದಳು. ಬಂದವಳೇ ಬಿಚ್ಚಿಟ್ಟಳು. ಅದು ಅವಳ ಸ್ವಭಾವ, ಲಂಗದ ದೋಷವಲ್ಲ.

ಹೋದ ಚಳಿಗಾಲದಲ್ಲಿ ತಾಂಡೂರಿನ ಅಕ್ಕನ ಮಗಳ ನಿಶ್ಚಿತಾರ್ಥ ಬಂತು. ಮನೆಮಂದಿ ಅಂಗಡಿಗೆ ಹೊರಟಾಗ ನಾನು ಕೈಯಾರೆ ಹೊಲಿದ ಕುರ್ತಾವನ್ನೇ ತೊಡುವೆನೆಂದು ಸಾರಿಬಿಟ್ಟೆ. ಬಟ್ಟೆ ಹುಡುಕುತ್ತ ಅವ್ವನ ಟ್ರಂಕು ತೆಗೆದೆ. ಅವ್ವ ನಾರಾಯಣಖೇಡಕ್ಕೆ ನನ್ನ ತಮ್ಮನ ಮನೆಗೆ ಹೋಗಿದ್ದಳು. ತಳದಲ್ಲಿ ಬಿಳಿ ಅರಿವೆಯ ಗಂಟು. ಒಳಗೆ ದಾಳಿಂಬೆ ಬಣ್ಣದ ಹಳೆಯ ಇಳಕಲ್ ಸೀರೆ, ಮಡಿಕೆಯಲ್ಲಿ ಬೇವಿನೆಲೆ, ಒಂದು ವಿಭೂತಿ ಗಟ್ಟಿ. ಅವ್ವನ ಬಟ್ಟೆಯಲ್ಲಿ ವಿಭೂತಿ ಇರದೆ ಇನ್ನೇನು ಇದ್ದೀತು? ಅದನ್ನು ದೇವರ ಜಗಲಿಯ ಮೇಲಿಟ್ಟೆ. ಅತ್ತೆಯವರನ್ನು ಒಂದು ಮಾತು ಕೇಳಿ ಎಂದಳು ಶಾಂತಾ. ಅವ್ವನಿಗೆ ಫೋನು ಮಾಡಿದರೆ ಮೊದಲು ಮೊಣಕಾಲಿನ ಸುದ್ದಿ, ಆಮೇಲೆ ತಮ್ಮನ ಎಮ್ಮೆಯದು, ಕೊನೆಗೆ ತೊಗರಿಯದು. ಅಷ್ಟರಲ್ಲಿ ಕತ್ತರಿಸುವ ಕೆಲಸವೇ ಮುಗಿದೀತು ಎಂದೆ. ಮುಗಿಯಿತು ಕೂಡ.

ಕುರ್ತಾ ಚೆನ್ನಾಗಿಯೇ ಬಂದಿತ್ತು, ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಸೆರಗಿನ ಪಟ್ಟಿಯನ್ನು ಎದೆಯ ಮೇಲೆ ಬರುವಂತೆ ಇಟ್ಟಿದ್ದೆ. ನಿಶ್ಚಿತಾರ್ಥದ ದಿನ ಬಶೀರಾಬಾದಿನಿಂದ ಬಂದ ಬೀಗರು ಯಾವ ಅಂಗಡಿಯದೆಂದು ಕೇಳಿದರು. ನಾನು ಅವರಿಗೆ ಕೊರಳಿನ ಕತ್ತರಿಕೆಯ ಲೆಕ್ಕಾಚಾರ ವಿವರಿಸುತ್ತಿರುವಾಗಲೇ ತಮ್ಮನ ಕೈಹಿಡಿದು ಅವ್ವ ಒಳಗೆ ಬಂದಳು. ನನ್ನ ಮುಖ ನೋಡಲಿಲ್ಲ. ಹತ್ತಿರ ಬಂದು ಕುರ್ತಾದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಸವರಿದಳು. ಬೀಗರಿಗೆ ಕೇಳದಂತೆ ಮೆಲ್ಲಗೆ ಹೇಳಿದಳು:

“ನಾ ಮಣ್ಣಿಗಿ ಹೋಗೋ ದಿನ ಉಡಸ್ರಿ ಅಂತ ಇಟ್ಟಿದ್ದ ಸೀರಿ ಇದು. ನಿಮ್ಮಪ್ಪ ತಂದಿದ್ದು.”

ಬಿಚ್ಚಿ ಹಾಕೋಣವೆಂದರೆ ಒಳಗಿದ್ದದ್ದು ತೂತು ಬನಿಯನ್ನು. ಊಟ ಮುಗಿಯುವವರೆಗೂ ಅದರಲ್ಲೇ ಕೂತಿದ್ದೆ. ಬೀಗರು ಮತ್ತೆ ಹೊಗಳಿದರು. ಆ ಹೊಗಳಿಕೆಯಷ್ಟು ಕಹಿಯಾದದ್ದನ್ನು ನಾನು ಕೇಳಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಅವ್ವನ ಪಕ್ಕ ಕೂತು, ತಪ್ಪಾಯಿತು ಎಂದೆ. ಅವಳು ನನ್ನ ತೋಳು ಎತ್ತಿ ನೋಡಿ, “ಬಗಲಾಗ ಬಿಗಿ ಹಿಡದದ. ಇನ್ನಾ ಎರಡು ಬೆರಳ ಬಿಡಬೇಕಿತ್ತು” ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಮರುವಾರ ಹೊಸ ಸೀರೆ ಕೊಡಿಸಲು ಕರೆದೊಯ್ದೆ. ಜಹೀರಾಬಾದಿನಲ್ಲಿ ಅವ್ವ ಹೊಕ್ಕು ಹೊರಬೀಳದ ಅಂಗಡಿ ಉಳಿಯಲಿಲ್ಲ. ಒಂದರ ಅಂಚು ಸಣ್ಣದು, ಒಂದರ ಬಣ್ಣ ಕೈಗೆ ಹತ್ತುತ್ತದೆ. ಚಂದದ್ದೊಂದನ್ನು ಬಿಡಿಸಿ ತೋರಿಸಿದರೆ, “ಇದನ್ನ ಉಟ್ಟು ಹೋದ್ರ ನಿಮ್ಮಪ್ಪ ನನ್ನ ಗುರ್ತ ಹಿಡೀತಾನೇನು?” ಎಂದು ಕೇಳಿದಳು. ಅಂಗಡಿಯವನು ಗಾಬರಿಯಾಗಿ ನನ್ನ ಮುಖ ನೋಡಿದ. ಐದನೆಯ ಸುತ್ತಿನಲ್ಲಿ ದಾಳಿಂಬೆ ಬಣ್ಣದ್ದೇ ಒಂದು ಒಪ್ಪಿಗೆಯಾಯಿತು. ಫಾಲ್ ಹಚ್ಚಲು ದರ್ಜಿಗೆ ಕೊಡುತ್ತೇನೆಂದರೆ ಅವ್ವ ಬೇಡವೆಂದಳು.

“ಕೆಡಿಸಿದವ ನೀನೇ ಹಚ್ಚು. ಅವಸರೇನಿಲ್ಲ.”

ಇದು ಉಗಾದಿಗೆ ಮೊದಲಿನ ಮಾತು. ಈಗ ದಸರೆಯೂ ಕಳೆಯಿತು. ಪ್ರತಿ ಭಾನುವಾರ ಒಂದು ಗೇಣು ಹೊಲಿಯುತ್ತೇನೆ. ಅವ್ವ ಪಕ್ಕದಲ್ಲಿ ಕೂತು ಎಲ್ಲಿ ಸೊಟ್ಟಗಾಗಿದೆ ಎಂದು ಬೆರಳಿಟ್ಟು ತೋರಿಸುತ್ತಾಳೆ. ಅವಳಿಗೆ ಕಾಣದಿದ್ದರೆ ನಾನೇ ಒಂದು ಸೊಟ್ಟು ಹುಡುಕಿ ಬಿಚ್ಚುತ್ತೇನೆ. ಅರ್ಧ ಗಂಟೆಯ ಕೆಲಸಕ್ಕೆ ಇಷ್ಟು ತಿಂಗಳೇ ಎಂದು ಶಾಂತಾ ನಗುತ್ತಾಳೆ. ನಗಲಿ. ನನ್ನ ಕೈಗೆಲಸದ ಮೇಲೆ ನನಗೆ ಯಾವತ್ತೂ ನಂಬಿಕೆ ಇತ್ತು. ಆದರೆ ಇಷ್ಟು ನಂಬಿಕೆ ಹಿಂದೆಂದೂ ಇರಲಿಲ್ಲ. ಈ ಸೀರೆ ನನ್ನ ಕೈಯಲ್ಲಿ ಸದ್ಯಕ್ಕಂತೂ ಮುಗಿಯುವುದಿಲ್ಲ.